ಕೈ ಕೆಸರಾದವರಿಗೆಲ್ಲ ಮೊಸರು ಸಿಗುತ್ತದೆಯೇ? ಬಡತನ ಮತ್ತು ಗೆಲುವಿನ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಮಲೆನಾಡ ಮೇಷ್ಟ್ರು, ಸಕಲೇಶಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕ. ನಮ್ಮಲ್ಲಿ ಓದುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಗಳಿಂದ, ಅಂದರೆ ಕಾರ್ಮಿಕರ ಸಾಲುಮನೆಗಳಿಂದ ಬರುತ್ತಾರೆ. ಉಳಿದವರು ಒಂದೆರಡು ಎಕರೆ ಗದ್ದೆ, ಸ್ವಲ್ಪ ಕಾಫಿ ಇರುವ ಸಣ್ಣ ರೈತರ ಮಕ್ಕಳು. ಕಳೆದ ವಾರ ಎಂಟನೆಯ ತರಗತಿಯ ಕಿರುಪರೀಕ್ಷೆಯಲ್ಲಿ ಎಂದಿನಂತೆ ಒಂದು ಗಾದೆಯನ್ನು ವಿಸ್ತರಿಸಿ ಬರೆಯಲು ಕೊಟ್ಟಿದ್ದೆ: ‘ಕೈ ಕೆಸರಾದರೆ ಬಾಯಿ ಮೊಸರು.’ ಮೂರು ಅಂಕದ ಪ್ರಶ್ನೆ. ಇದಕ್ಕೆ ಮಕ್ಕಳು ಬರೆಯುವ ಉತ್ತರ ನನಗೆ ಬಾಯಿಪಾಠವಾಗಿದೆ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಆರಂಭಿಸಿ, ಕಷ್ಟಪಟ್ಟರೆ ಫಲ ಉಂಟೆಂದು ನಾಲ್ಕು ಸಾಲು ಬರೆದು, ಸೋಮಾರಿತನವನ್ನು ಬಿಡಬೇಕೆಂದು ಮುಗಿಸುತ್ತಾರೆ.

ಒಬ್ಬ ಹುಡುಗಿ ಮೊದಲ ಸಾಲನ್ನು ಹಾಗೆಯೇ ಬರೆದಿದ್ದಳು. ಅನಂತರ ಬರೆದದ್ದು ಇದು: ‘ನಮ್ಮ ಅಮ್ಮನ ಕೈ ನಾನು ಹುಟ್ಟುವ ಮೊದಲಿನಿಂದಲೂ ಕೆಸರಾಗಿದೆ. ನಮ್ಮ ಮನೆಯಲ್ಲಿ ಮೊಸರು ಹಬ್ಬಕ್ಕೆ ಮಾತ್ರ. ಕೆಸರು ಯಾರ ಕೈಯದು ಎಂದು ಗಾದೆ ಹೇಳುತ್ತದೆ, ಹಸು ಯಾರದು ಎಂದು ಹೇಳುವುದಿಲ್ಲ.’

ಕೆಂಪು ಪೆನ್ನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಆ ಉತ್ತರಪತ್ರಿಕೆಗೆ ಇನ್ನೂ ಅಂಕ ಕೊಟ್ಟಿಲ್ಲ. ಅದನ್ನು ಬೇರೆಯಾಗಿ ಎತ್ತಿಟ್ಟಿದ್ದೇನೆ.

ನನ್ನ ತೊಡಕು ಇಷ್ಟು. ಮುಂದಿನ ತಿಂಗಳು ಹತ್ತನೆಯ ತರಗತಿಯವರ ಬೀಳ್ಕೊಡುಗೆ ಇದೆ. ಪ್ರತಿ ವರ್ಷವೂ ಅಂದು ನಾನೇ ಮಾತನಾಡುತ್ತೇನೆ, ಮತ್ತು ಪ್ರತಿ ವರ್ಷವೂ ಬಡತನದಿಂದ ಮೇಲೆ ಬಂದ ದೊಡ್ಡವರ ಕಥೆಗಳನ್ನೇ ಹೇಳುತ್ತೇನೆ: ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದ ವಿಶ್ವೇಶ್ವರಯ್ಯನವರು, ರಾಮೇಶ್ವರದಲ್ಲಿ ಪತ್ರಿಕೆ ಹಂಚಿದ ಅಬ್ದುಲ್ ಕಲಾಂ, ತರಗತಿಯಿಂದ ಹೊರಗೆ ಕೂರಿಸಲ್ಪಟ್ಟರೂ ಓದು ಬಿಡದ ಅಂಬೇಡ್ಕರ್. ಕೊನೆಗೆ ‘ಬಡತನವೇ ನಿಮ್ಮ ಶಕ್ತಿ’ ಎನ್ನುತ್ತೇನೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಈ ಸಲ ಆ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಹಾಗೆಂದು ಅದು ಪೂರ್ತಿ ಸುಳ್ಳೆಂದೂ ಅನ್ನಿಸುತ್ತಿಲ್ಲ. ನಮ್ಮ ಶಾಲೆಯಿಂದ ಹೋಗಿ ಚೆನ್ನಾಗಿ ಬಾಳುತ್ತಿರುವವರಲ್ಲಿ ಹಲವರು ಅತ್ಯಂತ ಕಷ್ಟದ ಮನೆಗಳಿಂದಲೇ ಬಂದವರು. ಕಷ್ಟ ಮನುಷ್ಯನಿಗೆ ನಿಜವಾಗಿಯೂ ಬಲ ಕೊಡುತ್ತದೆಯೇ, ಅಥವಾ ಕಷ್ಟವನ್ನು ಮೀರಿ ಗೆದ್ದ ಕೆಲವರನ್ನು ಮಾತ್ರ ನೋಡಿ ನಾವು ಹಾಗೆ ಭಾವಿಸುತ್ತೇವೆಯೇ? ಕಷ್ಟವನ್ನು ಉಂಡು ಬೆಳೆದವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕಣದಂಗಳ, ಮೂಡಿಗೆರೆ (ಈಗ ಚಿಕ್ಕಮಗಳೂರು)

ಮೇಷ್ಟ್ರೇ, ನಾನು ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನು. ಒಂದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರಿಸುವ ಹಕ್ಕು ನನಗೆ ಸ್ವಲ್ಪ ಇದೆಯೆಂದು ಭಾವಿಸುತ್ತೇನೆ. ನನ್ನ ಮಟ್ಟಿಗೆ ಕಷ್ಟ ಬಲ ಕೊಟ್ಟಿತು. ಆದರೆ ‘ಬಲ’ ಎಂದರೆ ಏನು ಎಂಬುದನ್ನು ಬಿಡಿಸಿ ಹೇಳದಿದ್ದರೆ ಅದು ಭಾಷಣವಾಗುತ್ತದೆ. ಹಾಗಾಗಿ ನಡೆದದ್ದನ್ನೇ ಹೇಳುತ್ತೇನೆ.

1970ರ ದಶಕದ ಮಾತು. ನಾನಾಗ ಐದನೆಯ ತರಗತಿ. ಕೊಯ್ಲಿನ ಕಾಲದಲ್ಲಿ ದಿನಕ್ಕೆ ಇಷ್ಟು ಎಂದು ಗೊತ್ತುಮಾಡಿದ ತೂಕಕ್ಕಿಂತ ಹೆಚ್ಚು ಹಣ್ಣು ಕೊಯ್ದವರಿಗೆ ಹೆಚ್ಚಿನದಕ್ಕೆ ಕಿಲೋ ಲೆಕ್ಕದಲ್ಲಿ ಕಾಸು ಕೊಡುತ್ತಿದ್ದರು. ನನ್ನ ಅವ್ವನ ಕೈ ಬಹಳ ಚುರುಕು. ಗಿಡದ ರೆಂಬೆಯನ್ನು ಎಡಗೈಯಲ್ಲಿ ಬಾಗಿಸಿ ಹಿಡಿದು, ಬಲಗೈ ಬೆರಳುಗಳಿಂದ ಹಣ್ಣನ್ನು ಮಾತ್ರ ಬಿಡಿಸಿ, ಕಾಯಿಯನ್ನು ಗಿಡದಲ್ಲೇ ಉಳಿಸುತ್ತಾ ಹೋಗುತ್ತಿದ್ದ ಅವಳ ವೇಗ ಸಾಲಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಸಂಜೆ ಕಣದ ಹತ್ತಿರ ಚೀಲಗಳನ್ನು ತೂಗುವಾಗ ತೋಟದ ಲೆಕ್ಕ ಬರೆಯುವ ರೈಟರು ತೂಕವನ್ನು ಗಟ್ಟಿಯಾಗಿ ಕೂಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅವ್ವನಿಗೆ ಓದು ಬರುತ್ತಿರಲಿಲ್ಲ. ಶಾಲೆ ಬಿಟ್ಟು ನೇರವಾಗಿ ಕಣಕ್ಕೆ ಹೋಗುತ್ತಿದ್ದ ನಾನು, ಅವರು ಕೂಗಿದ ತೂಕವನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ, ಶಾಲೆಯಲ್ಲಿ ಆಗ ಕೂಡುವ ಲೆಕ್ಕ ನಡೆಯುತ್ತಿತ್ತು, ನನಗೆ ಅದನ್ನು ಎಲ್ಲಿಯಾದರೂ ಮಾಡಬೇಕಿತ್ತು.

ಶನಿವಾರ ಬಟವಾಡೆ. ಅವ್ವ ತಂದ ಹಣವನ್ನು ನನ್ನ ಹಾಳೆಯ ಜೊತೆ ತಾಳೆ ನೋಡಿದಾಗ ಹನ್ನೊಂದು ಕಿಲೋ ಕಡಿಮೆ ಬಂದಿತ್ತು. ಅವ್ವ ‘ಬಿಡು ಮಗ, ದೊಡ್ಡವರ ಹತ್ತಿರ ಲೆಕ್ಕ ಕೇಳಬಾರದು’ ಎಂದಳು. ನಾನು ಅತ್ತು ಹಟ ಮಾಡಿದ್ದಕ್ಕೆ ಕೈ ಹಿಡಿದುಕೊಂಡು ಕರೆದೊಯ್ದಳು. ರೈಟರ ಎದುರು ಕ್ಯಾಲೆಂಡರ್ ಹಾಳೆಯನ್ನು ಬಿಡಿಸಿ, ಸೋಮವಾರದಿಂದ ಶುಕ್ರವಾರದವರೆಗೆ ಒಂದೊಂದೇ ದಿನದ ತೂಕವನ್ನು ಓದಿದೆ. ನನ್ನ ಕಾಲು ನಡುಗುತ್ತಿದ್ದದ್ದು ಈಗಲೂ ನೆನಪಿದೆ. ಅವರು ತಮ್ಮ ಪುಸ್ತಕ ತೆಗೆದು ನೋಡಿದರು. ಬುಧವಾರದ ತೂಕ ಇನ್ನೊಬ್ಬರ ಹೆಸರಿಗೆ ಬಿದ್ದಿತ್ತು. ಏನೂ ಮಾತನಾಡದೆ ಬಾಕಿ ಚಿಲ್ಲರೆಯನ್ನು ಎಣಿಸಿ ಅವ್ವನ ಅಂಗೈಗೆ ಹಾಕಿದರು. ಅದರ ಮುಂದಿನ ವಾರದಿಂದ ಲೈನಿನ ಇನ್ನೂ ನಾಲ್ಕು ಮನೆಯವರ ತೂಕವನ್ನು ನಾನೇ ಬರೆದಿಡಬೇಕಾಯಿತು.

ಆ ಸಂಜೆ ಕಲಿತದ್ದನ್ನು ಯಾವ ಕಾಲೇಜೂ ನನಗೆ ಕಲಿಸಲಿಲ್ಲ. ಲೆಕ್ಕ ಸರಿಯಿದ್ದರೆ ಎದುರಿಗೆ ಯಾರೇ ಇದ್ದರೂ ಕೇಳಬಹುದೆಂಬ ಧೈರ್ಯ ಅದು. ಮುಂದೆ ಬ್ಯಾಂಕಿನ ಕೌಂಟರಿನಲ್ಲಿ ಕುಳಿತಾಗ ಹೆಬ್ಬೆಟ್ಟು ಒತ್ತುವವರ ಚೀಟಿಯನ್ನು ಎರಡು ಸಲ ನೋಡುವ ಅಭ್ಯಾಸವೂ ಅಲ್ಲಿಂದಲೇ ಬಂತು. ಒಂದು ರೂಪಾಯಿಗೆ ಎಷ್ಟು ದುಡಿಮೆ ಬೇಕೆಂಬುದು ಗೊತ್ತಿದ್ದವನಿಗೆ ಸಾಲದ ಅರ್ಜಿಯ ಹಿಂದಿರುವ ಮುಖ ಕಾಣುತ್ತದೆ. ಆದ್ದರಿಂದ, ಮೇಷ್ಟ್ರೇ, ಕಷ್ಟದಲ್ಲಿ ಏನೂ ಇಲ್ಲವೆಂದು ಮಾತ್ರ ಆ ಮಕ್ಕಳಿಗೆ ಹೇಳಬೇಡಿ. ಅವರು ದಿನವೂ ಮಾಡುತ್ತಿರುವ ಕೆಲಸದಲ್ಲಿ ಒಂದು ವಿದ್ಯೆ ಇದೆ. ಅದನ್ನು ವಿದ್ಯೆಯೆಂದು ಯಾರಾದರೂ ಗುರುತಿಸಿ ಹೇಳಬೇಕು.

ಉತ್ತರ: ಅಯ್ಯನಕೆರೆ ಏರಿ, ಕಡೂರು ತಾಲ್ಲೂಕು

ಕಣದಂಗಳ ಸರ್ ಬರೆದದ್ದನ್ನು ಓದಿ ಮನಸ್ಸು ತುಂಬಿತು. ಆದರೂ ಅವರೊಂದಿಗೆ ಒಂದು ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಅದನ್ನು ಗೌರವದಿಂದಲೇ ಹೇಳುತ್ತೇನೆ. ಸರ್, ಅಂದು ರೈಟರು ಪುಸ್ತಕ ತೆಗೆದು ನೋಡುವ ಬದಲು ‘ಹೋಗೋ ಆಚೆ’ ಎಂದು ಗದರಿದ್ದರೆ ನೀವು ಏನು ಕಲಿಯುತ್ತಿದ್ದಿರಿ? ಲೆಕ್ಕ ಸರಿಯಿದ್ದರೂ ಪ್ರಯೋಜನವಿಲ್ಲ ಎಂಬುದನ್ನು ಕಲಿಯುತ್ತಿದ್ದಿರಿ. ಕಷ್ಟ ಅದೇ, ಹುಡುಗನೂ ಅವನೇ, ಆದರೆ ಪಾಠ ಮಾತ್ರ ಉಲ್ಟಾ. ನಿಮಗೆ ಬಲ ಬಂದದ್ದು ಹನ್ನೊಂದು ಕಿಲೋ ತಪ್ಪಿಹೋದದ್ದರಿಂದಲ್ಲ, ಹೆದರಿಕೊಂಡೇ ಆದರೂ ಕೈ ಹಿಡಿದು ಜೊತೆಗೆ ಬಂದ ಅವ್ವನಿಂದ, ನ್ಯಾಯವಾಗಿ ನಡೆದುಕೊಂಡ ಒಬ್ಬ ರೈಟರಿಂದ, ಕೂಡುವ ಲೆಕ್ಕ ಕಲಿಸಿದ ಶಾಲೆಯಿಂದ.

ನಾನು ಚಿಕ್ಕಮಗಳೂರಿನಲ್ಲಿ ಮನಃಶಾಸ್ತ್ರದ ಉಪನ್ಯಾಸಕಿ. ಈ ವಿಷಯದಲ್ಲಿ ನಡೆದಿರುವ ಎರಡು ಅಧ್ಯಯನಗಳನ್ನು ಮೇಷ್ಟ್ರ ಗಮನಕ್ಕೆ ತರಬಯಸುತ್ತೇನೆ. ಮೊದಲನೆಯದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದದ್ದು. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ, ಕಟಾವಿಗೆ ಮೊದಲು ಕೈ ಬರಿದಾಗಿದ್ದಾಗ ಒಮ್ಮೆ, ಕಟಾವು ಮುಗಿದು ಹಣ ಕೈಸೇರಿದ ಮೇಲೆ ಇನ್ನೊಮ್ಮೆ, ಒಂದೇ ಬಗೆಯ ಬುದ್ಧಿಪರೀಕ್ಷೆಗಳನ್ನು ಕೊಟ್ಟರು. ಅವೇ ರೈತರು ಕಟಾವಿಗೆ ಮೊದಲು ಸ್ಪಷ್ಟವಾಗಿ ಹಿಂದೆ ಬಿದ್ದಿದ್ದರು. ಅವರ ಬುದ್ಧಿ ಕಡಿಮೆಯಾಗಿರಲಿಲ್ಲ. ಸಾಲ, ಅಂಗಡಿ ಬಾಕಿ, ನಾಳಿನ ಖರ್ಚು ಎಂಬ ಚಿಂತೆಗಳು ತಲೆಯಲ್ಲಿ ಜಾಗ ಹಿಡಿದು ಕುಳಿತಿದ್ದವು. ಉಳಿದ ವಿಚಾರಕ್ಕೆ ಎಡೆ ಇರಲಿಲ್ಲ. ಮೇಷ್ಟ್ರೇ, ನಿಮ್ಮ ಶಾಲೆಯ ಮಕ್ಕಳು ಬಟವಾಡೆಯ ಹಿಂದಿನ ದಿನ ಪಾಠ ಕೇಳುವುದಕ್ಕೂ ಸಂತೆಯ ಮರುದಿನ ಕೇಳುವುದಕ್ಕೂ ವ್ಯತ್ಯಾಸ ಇದೆಯೇ ಎಂದು ಒಮ್ಮೆ ಗಮನಿಸಿ ನೋಡಿ. ಬಡತನ ಬುದ್ಧಿಯನ್ನು ಚುರುಕು ಮಾಡುತ್ತದೆ ಎಂಬ ಮಾತು ಕೇಳಲು ಚೆಂದ, ಆದರೆ ಹಸಿವು ಮತ್ತು ಸಾಲ ಬುದ್ಧಿಯ ಮೇಲೆ ಹೊರೆ ಹೇರುತ್ತವೆ ಎಂಬುದೇ ನಿಜಕ್ಕೆ ಹತ್ತಿರ.

ಎರಡನೆಯದು ಹವಾಯಿಯ ಕವಾಯಿ ದ್ವೀಪದಲ್ಲಿ ನಡೆದದ್ದು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಃಶಾಸ್ತ್ರಜ್ಞೆ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಹಿಂಬಾಲಿಸಿ ಅಭ್ಯಾಸ ಮಾಡಿದರು. ಬಡತನದ ಜೊತೆಗೆ ಮನೆಯ ಜಗಳ, ಕಾಯಿಲೆ ಮುಂತಾದ ಹಲವು ತೊಂದರೆಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಗಟ್ಟಿ ಮನುಷ್ಯರಾಗಿ ಬೆಳೆದರು. ನಮ್ಮ ಭಾಷಣಗಳು ನಿಲ್ಲುವುದು ಈ ಒಂದು ಭಾಗದ ಮೇಲೆ. ಉಳಿದ ಎರಡು ಭಾಗವನ್ನು ನಾವು ಎಣಿಸುವುದೇ ಇಲ್ಲ. ಗೆದ್ದ ಮಕ್ಕಳಲ್ಲಿ ಮತ್ತೆ ಮತ್ತೆ ಕಂಡ ಒಂದು ಸಂಗತಿ ಎಂದರೆ, ಅವರನ್ನು ಕೈಬಿಡದೆ ನೋಡಿಕೊಂಡ ಒಬ್ಬ ಹಿರಿಯರಾದರೂ ಅವರ ಬದುಕಿನಲ್ಲಿ ಇದ್ದರು: ಅಜ್ಜಿ, ಚಿಕ್ಕಮ್ಮ, ಶಿಕ್ಷಕಿ, ನೆರೆಮನೆಯವರು.

ಅಧ್ಯಯನವನ್ನು ಬದಿಗಿಟ್ಟು ನನ್ನ ಮನೆಯ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮದು ಕಡೂರಿನ ಬಯಲು ಭಾಗ. ಮಲೆನಾಡು ಪಕ್ಕದಲ್ಲೇ ಇದ್ದರೂ ಮಳೆ ನಮ್ಮ ಕಡೆಗೆ ಬರುವುದು ಅಪರೂಪ. ಎರಡು ವರ್ಷ ರಾಗಿ ಒಣಗಿ, ಕೊಳವೆಬಾವಿಗೆ ಮಾಡಿದ ಸಾಲ ಬೆಳೆದಾಗ, ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ ಏಳನೆಯ ತರಗತಿಗೇ ಶಾಲೆ ಬಿಟ್ಟು ಬೆಂಗಳೂರಿನ ಹೋಟೆಲಿಗೆ ಹೋದ. ಅವನು ಕಳಿಸಿದ ಹಣದಲ್ಲಿ ಬಡ್ಡಿ ಕಟ್ಟಿದರು. ನನಗೆ ಹಿಂದುಳಿದ ವರ್ಗಗಳ ಇಲಾಖೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ನಾನು ಓದಿದೆ. ಊರಿನ ಸನ್ಮಾನದಲ್ಲಿ ನನ್ನನ್ನು ‘ಬಡತನದಲ್ಲಿ ಅರಳಿದ ಪ್ರತಿಭೆ’ ಎಂದರು. ಅಣ್ಣ ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಅಮ್ಮನ ತಗಡಿನ ಟ್ರಂಕಿನಲ್ಲಿ ಅಣ್ಣನ ಏಳನೆಯ ತರಗತಿಯ ಅಂಕಪಟ್ಟಿ ಈಗಲೂ ಇದೆ. ಮಡಿಕೆಯ ಗೆರೆಯಲ್ಲಿ ಹರಿದಿರುವ ಆ ಕಾಗದದಲ್ಲಿ ಗಣಿತಕ್ಕೆ ನೂರಕ್ಕೆ 91 ಎಂದಿದೆ. ನನಗೆ ಏಳನೆಯ ತರಗತಿಯ ಗಣಿತದಲ್ಲಿ ಬಂದದ್ದು 64. ಒಂದೇ ಮನೆ, ಒಂದೇ ಸಾಲ, ಒಂದೇ ರಾಗಿಮುದ್ದೆ. ಬಡತನ ಬಲ ಕೊಡುವುದಾದರೆ ಅದು ಅಣ್ಣನಿಗೆ ನನಗಿಂತ ಹೆಚ್ಚು ಕೊಡಬೇಕಿತ್ತು. ಅವನು ಸೋತವನಲ್ಲ; ಮೂವತ್ತು ಜನಕ್ಕೆ ಅಡುಗೆ ಕೆಲಸ ಕಲಿಸಿದ್ದಾನೆ, ಎರಡು ಮಕ್ಕಳನ್ನು ಓದಿಸುತ್ತಿದ್ದಾನೆ. ಆದರೆ ಅವನಿಗೆ ಇಷ್ಟವಾಗಿದ್ದ ಗಣಿತ ಅವನಿಗೆ ಸಿಗಲಿಲ್ಲ, ಮತ್ತು ಅದನ್ನು ಯಾವ ಸನ್ಮಾನದಲ್ಲೂ ಯಾರೂ ಹೇಳುವುದಿಲ್ಲ.

ಮೇಷ್ಟ್ರೇ, ನೀವು ಹೇಳುವ ದೊಡ್ಡವರ ಕಥೆಗಳನ್ನು ಬಿಡಬೇಡಿ, ಪೂರ್ತಿಯಾಗಿ ಹೇಳಿ. ವಿಶ್ವೇಶ್ವರಯ್ಯನವರು 1881ರಲ್ಲಿ ಬಿ.ಎ. ಮುಗಿಸಿದ ಮೇಲೆ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ನೆರವಿನಿಂದ. ಅಂಬೇಡ್ಕರ್ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡದ ಸಯಾಜಿರಾವ್ ಗಾಯಕವಾಡರು ಕೊಟ್ಟ ವಿದ್ಯಾರ್ಥಿವೇತನದಿಂದ. ಕಲಾಂ ಅವರ ಎಂಜಿನಿಯರಿಂಗ್ ಶುಲ್ಕಕ್ಕೆ ಅಕ್ಕ ಜೊಹ್ರಾ ತಮ್ಮ ಚಿನ್ನವನ್ನು ಅಡವಿಟ್ಟರು. ಅವರ ಪರಿಶ್ರಮ ಇದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಹೆಗಲು ಕೊಟ್ಟವರ ಹೆಸರನ್ನು ಬಿಟ್ಟು ಕಥೆ ಹೇಳಿದಾಗ ಮಾತ್ರ, ಕೇಳುವ ಮಗು ‘ನನ್ನಿಂದ ಆಗದಿದ್ದರೆ ಅದು ನನ್ನದೇ ಕೊರತೆ’ ಎಂದು ತಿಳಿಯುತ್ತದೆ.

ಉತ್ತರ: ಬಯಲುಸೀಮೆ ರೈತ, ಅರಸೀಕೆರೆ ತಾಲ್ಲೂಕು

ಉಪನ್ಯಾಸಕಿ ಅಕ್ಕ ಹೇಳಿದ್ದಕ್ಕೆ ಹೊಲದ ಕಡೆಯಿಂದ ಒಂದು ಮಾತನ್ನು ಸೇರಿಸುತ್ತೇನೆ. ನಾನು ಆಲೂಗೆಡ್ಡೆ ಬೆಳೆಗಾರ. ಮುಂಗಾರಿಗೆ ಹಾಕುವ ನಮ್ಮ ಬೆಳೆಗೆ ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಖರ್ಚಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಮೋಡ ಕವಿದು, ತಂಪು ಹಿಡಿದು, ಜಿಟಿಜಿಟಿ ಮಳೆ ನಾಲ್ಕು ದಿನ ಬಿಡದೆ ಸುರಿದರೆ ಅಂಗಮಾರಿ ರೋಗ ಬರುತ್ತದೆ. ಸೋಮವಾರ ಹಸಿರಾಗಿದ್ದ ಹೊಲ ಭಾನುವಾರದ ಹೊತ್ತಿಗೆ ಬೆಂಕಿ ಬಿದ್ದಂತೆ ಕಪ್ಪಾಗಿ, ಕೊಳೆತ ವಾಸನೆ ರಸ್ತೆಯವರೆಗೆ ಬರುತ್ತದೆ.

ಮೊದಲ ಸಲ ಬೆಳೆ ಹೋದಾಗ ನಾನು ಕಲಿತೆ. ರೋಗ ಕಂಡ ಮೇಲೆ ಔಷಧಿ ಹೊಡೆಯುವುದಲ್ಲ, ಮೋಡ ಕಟ್ಟುತ್ತಿದ್ದಂತೆ ಮ್ಯಾಂಕೋಜೆಬ್ ಸಿಂಪಡಿಸಬೇಕೆಂದು ಕಲಿತೆ. ಇರುವ ಜಮೀನಿಗೆಲ್ಲ ಒಂದೇ ಬೆಳೆ ಹಾಕಬಾರದೆಂದು ಕಲಿತೆ. ನೀರು ನಿಲ್ಲದಂತೆ ಸಾಲುಗಳ ಬೋದನ್ನು ಎತ್ತರಿಸಿದೆ. ಈ ಪಾಠಗಳು ನನಗೆ ಇಂದಿಗೂ ಅನ್ನ ಕೊಡುತ್ತಿವೆ. ಆದರೆ ಆ ವರ್ಷ ಮನೆಯಲ್ಲಿ ಎರಡು ಹಸು ಇದ್ದವು, ಡೇರಿಯ ಹಾಲಿನ ಹಣದಲ್ಲಿ ಅಡುಗೆಮನೆ ನಡೆಯಿತು, ಆದ್ದರಿಂದ ತಲೆ ಎತ್ತಿ ಯೋಚಿಸಲು ಸಾಧ್ಯವಾಯಿತು. ನಮ್ಮ ಪಕ್ಕದ ಹೊಲದವರಿಗೂ ಅದೇ ರೋಗ, ಅದೇ ನಷ್ಟ. ಅವರ ಬಳಿ ಹಸು ಇರಲಿಲ್ಲ, ಬಿತ್ತನೆ ಗೆಡ್ಡೆ ಕೈಸಾಲದ ಹಣದಲ್ಲಿ ತಂದದ್ದು. ಅವರು ಕಲಿಯುವುದಕ್ಕೆ ಮೊದಲೇ ಜಮೀನು ಕೈಬಿಟ್ಟುಹೋಯಿತು. ಒಂದು ಬೆಳೆ ಹೋದರೆ ಪಾಠ, ಮೂರು ಬೆಳೆ ಹೋದರೆ ಸಾಲ. ಎರಡರ ನಡುವೆ ಒಂದು ಹಸು ಇರಬೇಕು. ನಿಮ್ಮ ಆ ಹುಡುಗಿ ಬರೆದದ್ದು ನನಗೆ ಅಕ್ಷರಶಃ ನಿಜವಾಗಿ ಕಂಡಿತು, ಮೇಷ್ಟ್ರೇ. ಅವಳಿಗೆ ಮೂರಕ್ಕೆ ಮೂರು ಕೊಡಿ.

ನಮ್ಮ ಜಿಲ್ಲೆಯವರೇ ಆದ ಕ್ಯಾಪ್ಟನ್ ಗೋಪಿನಾಥ್ ಅವರ ಉದಾಹರಣೆಯನ್ನು ಇಲ್ಲಿ ಎಲ್ಲರೂ ಕೊಡುತ್ತಾರೆ. ಗೊರೂರಿನ ಶಾಲಾ ಶಿಕ್ಷಕರ ಮಗ. ಹೇಮಾವತಿ ಅಣೆಕಟ್ಟಿನಿಂದ ಕುಟುಂಬದ ಜಮೀನು ಮುಳುಗಿ, ಬದಲಿಗೆ ಜಾವಗಲ್ ಕಡೆ ಸಿಕ್ಕ ಬರಡು ಭೂಮಿಯಲ್ಲಿ ಡೇರೆ ಹಾಕಿಕೊಂಡು ಬೇಸಾಯಕ್ಕೆ ಇಳಿದವರು. ಹಲವು ಬೆಳೆಗಳಲ್ಲಿ ಕೈ ಸುಟ್ಟುಕೊಂಡು, ರೇಷ್ಮೆಯಲ್ಲಿ ಮಾಡಿದ ಕೆಲಸಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದು, 2003ರಲ್ಲಿ ಏರ್ ಡೆಕ್ಕನ್ ವಿಮಾನ ಸಂಸ್ಥೆಯನ್ನು ಆರಂಭಿಸಿದರು. ಅವರ ಛಲಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಆ ಬರಡು ಭೂಮಿಗೆ ಬರುವ ಮೊದಲು ಅವರು ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿದ್ದರು, ಸೇನೆಯಲ್ಲಿ ಅಧಿಕಾರಿಯಾಗಿದ್ದರು. ಮುಳುಗಿದ ಜಮೀನಿನ ಬದಲಿಗೆ ಇನ್ನೊಂದು ಜಮೀನು ಅವರ ಕೈಯಲ್ಲಿತ್ತು. ಇಷ್ಟನ್ನೂ ಸೇರಿಸಿ ಹೇಳಿದರೆ ನಮ್ಮ ಹುಡುಗರಿಗೆ ಆ ಕಥೆ ಇನ್ನಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಎಲ್ಲಿಂದ ಹೊರಡಬೇಕೆಂಬುದು ಅದರಲ್ಲಿ ತಿಳಿಯುತ್ತದೆ.

ಉತ್ತರ: ಇಬ್ಬರು ಮಕ್ಕಳ ತಾಯಿ, ಹಾಸನ

ನನ್ನದು ಇದಕ್ಕೆ ತಿರುಗಿದ ಚಿಂತೆ. ನಾನು ಮತ್ತು ನನ್ನ ಯಜಮಾನರು ಕಷ್ಟದಿಂದ ಬಂದವರು. ನಮ್ಮ ಮಕ್ಕಳಿಗೆ ಕೇಳಿದ್ದೆಲ್ಲ ಸಿಗುತ್ತಿದೆ. ಮಳೆಯಲ್ಲಿ ನಾಲ್ಕು ಹೆಜ್ಜೆ ನಡೆಯಲೂ ಒಪ್ಪುವುದಿಲ್ಲ. ಅವರಿಗೂ ಸ್ವಲ್ಪ ಕಷ್ಟ ಗೊತ್ತಾಗಲೆಂದು ಬೇಕೆಂದೇ ಕೊರತೆ ಮಾಡಬೇಕೇ ಎಂದು ಮನೆಯಲ್ಲಿ ದಿನವೂ ವಾದ ನಡೆಯುತ್ತದೆ. ಅನುಭವಸ್ಥರು ಹೇಳಿ.

ಉತ್ತರ: ಕಣದಂಗಳ, ಮೂಡಿಗೆರೆ

ತಾಯಿ, ಇಲ್ಲದ ಬಡತನವನ್ನು ಮಕ್ಕಳ ಮುಂದೆ ನಟಿಸಬೇಡಿ. ಅವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಕೆಲಸ ಕೊಡಿ. ಮನೆಗೆ ನಿಜವಾಗಿ ಬೇಕಾದ, ಅವರು ಮಾಡದಿದ್ದರೆ ನಿಂತುಹೋಗುವ ಕೆಲಸವನ್ನು ಕೊಡಿ. ಕ್ಯಾಲೆಂಡರಿನ ಹಿಂದೆ ನಾನು ಬರೆದ ಲೆಕ್ಕ ನಮ್ಮ ಮನೆಗೆ ಬೇಕಾಗಿತ್ತು, ಅದಕ್ಕೇ ಅದು ನನ್ನ ಮನಸ್ಸಿನಲ್ಲಿ ನಿಂತಿತು. ನನ್ನ ಮಗಳಿಗೆ ಅವಳ ಹತ್ತನೆಯ ವಯಸ್ಸಿನಿಂದ ಮನೆಯ ತಿಂಗಳ ಖರ್ಚಿನ ಪುಸ್ತಕವನ್ನು ಒಪ್ಪಿಸಿದ್ದೆ.

ಇನ್ನು, ಅಯ್ಯನಕೆರೆಯ ತಂಗಿ ಬರೆದದ್ದನ್ನು ನಾನು ಎರಡು ದಿನ ಮತ್ತೆ ಮತ್ತೆ ಓದಿದೆ. ಅವರು ಹೇಳುವುದು ಸರಿ. ರೈಟರು ಗದರಿದ್ದರೆ ನಾನು ಆ ಹಾಳೆಯನ್ನು ಹರಿದುಹಾಕುತ್ತಿದ್ದೆ, ಅನುಮಾನವೇ ಇಲ್ಲ. ಇಷ್ಟು ವರ್ಷ ಆ ಘಟನೆಯನ್ನು ನನ್ನ ಧೈರ್ಯದ ಕಥೆಯಾಗಿಯೇ ಹೇಳಿಕೊಂಡು ಬಂದೆ. ಅದರಲ್ಲಿ ಅವ್ವನ ಧೈರ್ಯ ನನ್ನದಕ್ಕಿಂತ ದೊಡ್ಡದಿತ್ತು ಎಂದು ಈಗ ಕಾಣುತ್ತಿದೆ. ಕೆಲಸ ಹೋಗುವ ಭಯ ಇದ್ದದ್ದು ಅವಳಿಗೆ, ನನಗಲ್ಲ. ಇನ್ನೊಂದನ್ನೂ ಹೇಳಬೇಕು. ನಮ್ಮ ಲೈನಿನಲ್ಲಿ ನನ್ನ ವಯಸ್ಸಿನ ಹುಡುಗರು ಏಳು ಜನ ಇದ್ದೆವು. ಹೈಸ್ಕೂಲು ಮುಟ್ಟಿದವನು ನಾನೊಬ್ಬ. ಉಳಿದ ಆರು ಜನ ನನಗಿಂತ ಕಡಿಮೆ ಕಷ್ಟಪಟ್ಟವರಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯ ಪ್ರಕಾರ ಇರಲು ಮನೆಯನ್ನು ಕೊಟ್ಟಿದ್ದರು, ಸೂರಿಗೆ ಕೊರತೆ ಇರಲಿಲ್ಲ. ಆದರೆ ಹೈಸ್ಕೂಲು ದೂರದಲ್ಲಿತ್ತು, ಬಸ್ಸಿಗೆ ಕಾಸು ಬೇಕಿತ್ತು. ನನ್ನನ್ನು ಪೇಟೆಯ ಸೋದರಮಾವ ಮನೆಯಲ್ಲಿ ಇಟ್ಟುಕೊಂಡರು. ಆ ಆರು ಜನರಿಗೆ ಅಂಥ ಮಾವ ಇರಲಿಲ್ಲ.

ಹಾಗಿದ್ದರೂ ಒಂದು ಮಾತನ್ನು ಬಿಟ್ಟುಕೊಡಲಾರೆ. ಆಸರೆ ಸಿಕ್ಕವರೆಲ್ಲ ಮೇಲೆ ಬರುವುದಿಲ್ಲ. ಮಾವನ ಮನೆಯಲ್ಲಿ ನನ್ನ ಓರಗೆಯ ಹುಡುಗರೂ ಇದ್ದರು, ಅವರಿಗೆ ಎಲ್ಲವೂ ಇತ್ತು. ಬೆಳಗ್ಗೆ ಐದಕ್ಕೆ ಎದ್ದು ನೀರು ಸೇದಿ ಓದಲು ಕೂರುವುದು ನನಗೆ ಕಷ್ಟವೆನಿಸದಿದ್ದದ್ದು ಲೈನಿನ ಅಭ್ಯಾಸದಿಂದ. ಬಾಗಿಲು ತೆರೆದವರು ಮಾವ. ಆದರೆ ಒಳಗೆ ನಡೆಯುವ ಕಾಲನ್ನು ಕೊಟ್ಟದ್ದು ತೋಟವೇ.

ಉತ್ತರ: ಅಯ್ಯನಕೆರೆ ಏರಿ, ಕಡೂರು ತಾಲ್ಲೂಕು

ಸರ್, ಇದನ್ನು ಪೂರ್ಣವಾಗಿ ಒಪ್ಪುತ್ತೇನೆ. ನನ್ನ ಹಾಸ್ಟೆಲಿನಲ್ಲೂ ಹಾಗೆಯೇ ಇತ್ತು: ಮನೆಯಲ್ಲಿ ದುಡಿದು ಬಂದ ಹುಡುಗಿಯರು ಅನ್ನ ಚೆನ್ನಾಗಿಲ್ಲ, ಕೋಣೆ ಚಿಕ್ಕದು ಎಂದು ಒಂದು ದಿನವೂ ಕುಗ್ಗಲಿಲ್ಲ. ಆ ತಾಳಿಕೆ ನಿಜವಾದ ಆಸ್ತಿ. ಹೊಟ್ಟೆಗೆ ಅನ್ನ, ಕೂರಲು ಜಾಗ ಸಿಕ್ಕ ಮೇಲೆಯೇ ಅದು ಕೆಲಸಕ್ಕೆ ಬಂತು ಎಂಬುದಷ್ಟೇ ನನ್ನ ಮಾತು. ಹಿಂದೆ ವಾರಾನ್ನ ಮಾಡಿ ಓದಿದವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ, ದಿನಕ್ಕೊಂದು ಮನೆಯಲ್ಲಿ ಉಂಡು ಪದವಿ ಪಡೆದವರು ಅವರು. ಅವರ ಛಲ ದೊಡ್ಡದು. ಆದರೆ ವಾರಾನ್ನದ ಎಲೆ ಎಲ್ಲ ಜಾತಿಯ ಮಕ್ಕಳಿಗೂ ಬೀಳುತ್ತಿರಲಿಲ್ಲ. ಸರ್ಕಾರಿ ಹಾಸ್ಟೆಲುಗಳು ಬಂದು, 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಿಂದ ಆರಂಭವಾದ ಬಿಸಿಯೂಟ ರಾಜ್ಯಕ್ಕೆಲ್ಲ ಹರಡಿದ ಮೇಲೆ, ಛಲವಿದ್ದೂ ಎಲೆ ಸಿಗದವರ ಮಕ್ಕಳು ತರಗತಿಯಲ್ಲಿ ಉಳಿದರು.

ಪ್ರಶ್ನೆ ಕೇಳಿದವರಿಂದ: ಮಲೆನಾಡ ಮೇಷ್ಟ್ರು, ಸಕಲೇಶಪುರ ತಾಲ್ಲೂಕು

ಎಲ್ಲರಿಗೂ ಋಣಿಯಾಗಿದ್ದೇನೆ. ನಿಮ್ಮ ಮಾತುಗಳನ್ನು ಓದಿದ ಮೇಲೆ ಸುಮ್ಮನೆ ಕೂರಲಾಗದೆ ಕೆಲವು ಕೆಲಸಗಳನ್ನು ಮಾಡಿದೆ, ಅವನ್ನು ತಿಳಿಸುತ್ತೇನೆ.

ಮೊದಲಿಗೆ ಆ ಹುಡುಗಿಗೆ ಮೂರಕ್ಕೆ ಮೂರು ಅಂಕ ಕೊಟ್ಟು ಉತ್ತರಪತ್ರಿಕೆಯನ್ನು ಹಿಂತಿರುಗಿಸಿದೆ. ಅಂಕವನ್ನು ನೋಡಿ ‘ಸರ್, ತಪ್ಪಾ ಬರೆದಿದ್ದೀನಿ ಅಂತ ಬೈತೀರಾ ಅಂದ್ಕೊಂಡಿದ್ದೆ’ ಎಂದಳು. ಕಣದಂಗಳ ಅವರ ಕಥೆಯನ್ನು ತರಗತಿಯಲ್ಲಿ ಓದಿ ಹೇಳಿದೆ. ತಾಯಿಯ ತೂಕವನ್ನು ಬರೆದಿಡುವವರು ಯಾರಾದರೂ ಇದ್ದೀರಾ ಎಂದು ಕೇಳಿದಾಗ ಇಪ್ಪತ್ತಾರು ಮಕ್ಕಳಲ್ಲಿ ಒಂಬತ್ತು ಜನ ಕೈ ಎತ್ತಿದರು. ಅವರಲ್ಲಿ ಇಬ್ಬರು ಗಣಿತದಲ್ಲಿ ಅನುತ್ತೀರ್ಣರಾದವರು. ಇದನ್ನು ಗಣಿತದ ಮೇಡಂ ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ, ಆಮೇಲೆ ಆ ಒಂಬತ್ತು ಜನರ ಚೀಟಿಗಳನ್ನು ತರಿಸಿಕೊಂಡರು.

ಎರಡನೆಯದನ್ನು ಹೇಳಲು ನೋವಾಗುತ್ತದೆ. ಎಂಟನೆಯ ತರಗತಿಯಲ್ಲಿರುವ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದವರು ಬರೆಯಬಹುದು. ಆಯ್ಕೆಯಾದರೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಆ ಹುಡುಗಿ ಅರ್ಜಿ ಹಾಕಿದ್ದಳೇ ಎಂದು ನೋಡಿದೆ. ಹಾಕಿರಲಿಲ್ಲ. ಆದಾಯ ಪ್ರಮಾಣಪತ್ರ ಮಾಡಿಸಲು ಅವಳ ತಾಯಿ ಒಂದು ದಿನದ ಕೂಲಿ ಬಿಟ್ಟು ನಾಡಕಚೇರಿಗೆ ಹೋಗಬೇಕಾಗಿತ್ತು, ಆ ವಾರ ಕೂಲಿ ಬಿಡುವಂತಿರಲಿಲ್ಲ. ನಾವು ಶಿಕ್ಷಕರು ಫಲಕದಲ್ಲಿ ಸುತ್ತೋಲೆ ಅಂಟಿಸಿ ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡಿದ್ದೆವು. ನಾನು ಬಡತನವೇ ಶಕ್ತಿಯೆಂದು ಭಾಷಣ ಮಾಡುವ ಶಾಲೆಯಲ್ಲೇ ಇದು ನಡೆದಿದೆ. ಈ ವರ್ಷದ ಅವಕಾಶ ಕಳೆದುಹೋಯಿತು. ಅದಕ್ಕಾಗಿ ಅವಳ ತಾಯಿಯ ಎದುರು ಕ್ಷಮೆ ಕೇಳಿದ್ದೇನೆ. ಬರುವ ಜೂನಿನಲ್ಲಿ ಎಂಟಕ್ಕೆ ಸೇರುವ ಮಕ್ಕಳ ಪ್ರಮಾಣಪತ್ರಗಳಿಗೆ ಶಾಲೆಯಿಂದಲೇ ಒಬ್ಬರು ಓಡಾಡಬೇಕೆಂದು ಮುಖ್ಯ ಶಿಕ್ಷಕರ ಜೊತೆ ಮಾತನಾಡಿದ್ದೇನೆ, ಆ ಓಡಾಟ ನನ್ನ ಪಾಲಿಗೆ ಬಂದಿದೆ.

ಬೀಳ್ಕೊಡುಗೆಯ ಮಾತಿನಲ್ಲಿ ವಿಶ್ವೇಶ್ವರಯ್ಯ, ಅಂಬೇಡ್ಕರ್, ಕಲಾಂ ಮೂವರೂ ಇರುತ್ತಾರೆ, ಮೈಸೂರು ಸರ್ಕಾರ, ಬರೋಡದ ಮಹಾರಾಜರು, ಅಕ್ಕ ಜೊಹ್ರಾ ಅವರೂ ಇರುತ್ತಾರೆ. ಕಡೂರಿನ ಆ ಅಣ್ಣನ ಕಥೆಯನ್ನು ಹೆಸರಿಲ್ಲದೆ ಹೇಳಲು ಅಯ್ಯನಕೆರೆಯ ಮೇಡಂ ಅನುಮತಿ ಕೊಟ್ಟರೆ ಹೇಳುತ್ತೇನೆ. ಮಾತು ಮುಗಿದ ಮೇಲೆ ಪ್ರತಿಯೊಬ್ಬರ ಕೈಗೆ ಒಂದು ಹಾಳೆ ಕೊಡಬೇಕೆಂದಿದ್ದೇನೆ: ಮೆಟ್ರಿಕ್ ನಂತರದ ಹಾಸ್ಟೆಲುಗಳು ಎಲ್ಲಿವೆ, ಹಾಸ್ಟೆಲ್ ಸಿಗದವರಿಗೆ ಊಟ-ವಸತಿಯ ನೆರವು ಕೊಡುವ ವಿದ್ಯಾಸಿರಿ ಯೋಜನೆಗೆ ಯಾವಾಗ ಅರ್ಜಿ ಕರೆಯುತ್ತಾರೆ, ಯಾವ ಪ್ರಮಾಣಪತ್ರ ಈಗಲೇ ಮಾಡಿಸಿಡಬೇಕು, ತೊಂದರೆಯಾದರೆ ನನ್ನ ದೂರವಾಣಿ ಸಂಖ್ಯೆ ಯಾವುದು.

ಕಣದಂಗಳ ಸರ್, ನಿಮ್ಮಲ್ಲಿ ಒಂದು ಕೋರಿಕೆ. ನಿಮಗೆ ಸಾಧ್ಯವಾದರೆ ಒಂದು ಶನಿವಾರ ನಮ್ಮ ಶಾಲೆಗೆ ಬನ್ನಿ. ಪಾಸ್‌ಬುಕ್ ಓದುವುದು, ಕೈಸಾಲದ ಬಡ್ಡಿಯನ್ನು ತಿಂಗಳ ಲೆಕ್ಕದಿಂದ ವರ್ಷದ ಲೆಕ್ಕಕ್ಕೆ ತಂದು ನೋಡುವುದು, ತೂಕದ ಚೀಟಿ ಬರೆದಿಡುವುದು, ಇವನ್ನು ಮಕ್ಕಳಿಗೆ ಮತ್ತು ಬರಲು ಒಪ್ಪುವ ತಾಯಂದಿರಿಗೆ ಹೇಳಿಕೊಡಬೇಕು. ಶನಿವಾರ ಬೆಳಗಿನ ತರಗತಿ, ಹನ್ನೊಂದೂವರೆಗೆ ಬಿಡುತ್ತದೆ. ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಆ ಹುಡುಗಿ ಕೊಡೆ ಹಿಡಿದು ತಾನೂ ಬರುತ್ತೇನೆ ಎಂದಿದ್ದಾಳೆ.